ಬೆಳೆದವರೇ ಮಾರುವ ಸಂತೆ ಬೇಕು



ಬೆಳೆಯುವುದು ಒಂದು ವಿದ್ಯೆ, ಮಾರುವುದು ಇನ್ನೊಂದು ವಿದ್ಯೆ. ನಮ್ಮ ಒಕ್ಕಲು ಮಕ್ಕಳು ಮೊದಲನೆಯದನ್ನು ತಂದೆತಾಯಿಗಳಿಂದ ಕಲಿತುಕೊಂಡರು; ಎರಡನೆಯದನ್ನು ಪೇಟೆಯವರಿಗೆ ಬಿಟ್ಟುಕೊಟ್ಟರು. ಈ ಮಾತು ಎಲ್ಲ ರೈತರಿಗೂ ಸಲ್ಲುವುದಾದರೂ, ಅಂಗಡಿಯ ಗೊಬ್ಬರವನ್ನೂ ವಿಷದ ಔಷಧಗಳನ್ನೂ ಬಿಟ್ಟು ಕೊಟ್ಟಿಗೆ ಗೊಬ್ಬರ, ಸೊಪ್ಪುಗೊಬ್ಬರಗಳ ಮೇಲೆಯೇ ಬೆಳೆ ತೆಗೆಯಲು ಹೊರಟ ಸಾವಯವ ರೈತನಿಗೆ ಹೆಚ್ಚಾಗಿ ಸಲ್ಲುತ್ತದೆ. ಅವನು ಹೊಲದಲ್ಲಿ ಸೋಲುವುದಕ್ಕಿಂತ ಪೇಟೆಯಲ್ಲಿ ಸೋಲುವುದೇ ಹೆಚ್ಚು. ಏಕೆಂದರೆ ಅವನು ಬೆಳೆದ ಬದನೆಗೂ ಔಷಧ ಹೊಡೆದು ಬೆಳೆದ ಬದನೆಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಇದ್ದರೂ ಅದು ಅವನಿಗೆ ವಿರುದ್ಧವಾಗಿಯೇ ಇರುತ್ತದೆ. ಅವನ ಕಾಯಿಯಲ್ಲಿ ಒಂದು ಹುಳದ ತೂತು ಕಂಡೀತು. ದಲಾಲನ ಕಟ್ಟೆಯ ಮೇಲೆ ಎರಡೂ ಒಂದೇ ರಾಶಿಗೆ ಬೀಳುತ್ತವೆ, ಒಂದೇ ಧಾರಣೆಗೆ ಹೋಗುತ್ತವೆ. ಮೂರು ವರ್ಷ ಮಣ್ಣನ್ನು ಸಾಕಿದ ಶ್ರಮಕ್ಕೆ ಆ ಕಟ್ಟೆಯ ಮೇಲೆ ಕವಡೆಯ ಬೆಲೆಯೂ ಇಲ್ಲ.

ಆದ್ದರಿಂದ ಸಾವಯವ ಒಕ್ಕಲುತನದ ಮಾತು ಬಂದಾಗ ಗೊಬ್ಬರದ ಗುಂಡಿಯ ವಿಚಾರಕ್ಕಿಂತ ಮೊದಲು ಸಂತೆಯ ವಿಚಾರ ಬರಬೇಕೆಂಬುದು ನಮ್ಮ ಅಭಿಪ್ರಾಯ. ನಾವು ಶಿಕ್ಷಕರ ತರಬೇತಿ ಮುಗಿಸಿ ಶಾಲೆಯಲ್ಲಿ ಪಾಠ ಹೇಳುವವರು. ಬೆಳಗು ಬೈಗು ಮತ್ತು ರಜೆಯ ದಿನಗಳಲ್ಲಿ ಮಣ್ಣು ಕೆದಕುವವರು. ಎರಡೂ ಕಡೆಯ ಅನುಭವದಿಂದ ನಾಲ್ಕು ಮಾತು ಹೇಳಬಯಸುತ್ತೇವೆ.

ನಮ್ಮ ಕಡೆಯ ಸ್ಥಿತಿ

ಕುಡಚಡೆಯ ಬಗ್ಗೆ ಗೊತ್ತಿಲ್ಲದ ಬಂಧುಗಳಿಗಾಗಿ ಎರಡು ಮಾತು. ದಕ್ಷಿಣ ಗೋವೆಯ ಕೇಪೆ ತಾಲೂಕಿನ ಈ ಊರು ಲೋಂಡಾದಿಂದ ಘಟ್ಟವಿಳಿದು ಬರುವ ರೈಲು ಹಾದಿಯ ಮೇಲಿದೆ. ಹೊಳೆಯಾಚೆ ಸಾವರ್ಡೆ, ಮೂಡಣಕ್ಕೆ ಸಾಂಗೆ, ಅದರಾಚೆ ಸಹ್ಯಾದ್ರಿ, ಘಟ್ಟ ಹತ್ತಿದರೆ ನಮ್ಮ ಜೋಯಿಡಾ ತಾಲೂಕು. ಬೆಳಗಾವಿ, ಧಾರವಾಡ, ವಿಜಯಪುರ, ಗದಗಗಳ ಕಡೆಯಿಂದ ಕೂಲಿಗೆಂದೋ ವ್ಯಾಪಾರಕ್ಕೆಂದೋ ಬಂದು ನೆಲೆ ನಿಂತ ಕನ್ನಡ ಮನೆಗಳು ಗೋವೆಯಲ್ಲಿ ಬಹಳ. ಗಣಿಯ ಕೆಲಸ ನಂಬಿದವರಿಗೆ 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಗಣಿಗಳು ನಿಂತಾಗ ಕೈ ಬರಿದಾಯಿತು. ಅಂಥ ಕಾಲದಲ್ಲಿ ಕೈ ಹಿಡಿಯುವುದು ನೆಲವೇ. ನಮ್ಮವರಲ್ಲಿ ಕೆಲವರು ಲಾವಣಿಗೆ ಗದ್ದೆ ಹಿಡಿದು ಕಾಯಿಪಲ್ಲೆ ಬೆಳೆಯುತ್ತಾರೆ. ಇನ್ನೂ ಹೆಚ್ಚು ಜನ ಬೆಳಗಾವಿಯಿಂದ ಬಂದ ಕಾಯಿಪಲ್ಲೆಯನ್ನು ತೂಗಿ ಮಾರುತ್ತಾರೆ.

ಗೋವೆ ತಿನ್ನುವ ಕಾಯಿಪಲ್ಲೆಯ ಬಹುಭಾಗ ಘಟ್ಟದ ಮೇಲಿನಿಂದಲೇ ಇಳಿಯಬೇಕು. ಇದು ಹಳೆಯ ಸಂಬಂಧ. 1955ರಲ್ಲಿ ಪೋರ್ತುಗೀಜರ ಮೇಲೆ ಭಾರತ ಸರಕಾರ ಆರ್ಥಿಕ ದಿಗ್ಬಂಧನ ಹಾಕಿ ಗಡಿ ಮುಚ್ಚಿದಾಗ ಇಲ್ಲಿಗೆ ಹಾಲೆಂಡಿನಿಂದ ಆಲೂಗಡ್ಡೆ ತರಿಸಬೇಕಾಯಿತು ಎಂದರೆ ಘಟ್ಟದ ಮೇಲಿನ ಹೊಲಗಳು ಈ ನಾಡಿಗೆ ಏನಾಗಿದ್ದವು ಎಂಬುದು ತಿಳಿಯುತ್ತದೆ. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಬಂಡಿಗಳು ಮತ್ತೆ ಇಳಿದವು. 2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ಕಾರಣ ಗಡಿ ಮುಚ್ಚಿದಾಗ ಅದೇ ಪಾಠ ಇನ್ನೊಮ್ಮೆ ಆಯಿತು. ಕಾಯಿಪಲ್ಲೆಯ ಕಟ್ಟೆಗಳು ಬರಿದಾದವು. ಆಗ ಹತ್ತಿರದ ಗದ್ದೆಯಲ್ಲಿ ಹರಿವೆ, ಮೂಲಂಗಿ ಬೆಳೆದವನ ಮನೆಯ ಬಾಗಿಲನ್ನು ಜನ ಹುಡುಕಿಕೊಂಡು ಬಂದರು. ಗಡಿ ತೆರೆಯಿತು, ಬಾಗಿಲಿಗೆ ಬಂದವರು ಮರೆತರು. ತಪ್ಪು ಅವರದಲ್ಲ. ಅವರು ನಿತ್ಯವೂ ಬರಲು ಒಂದು ಜಾಗ, ಒಂದು ದಿನ, ಒಂದು ಹೊತ್ತು ಇರಲಿಲ್ಲ. ಸಂತೆ ಎಂದರೆ ಈ ಮೂರೇ ತಾನೇ?

ಒಬ್ಬನೇ ಕೊಳ್ಳುಗನನ್ನು ನಂಬಿದರೆ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಧಾರಬಾಂದೋಡೆಯ ಸಂಜೀವನಿ ಸಕ್ಕರೆ ಕಾರಖಾನೆಯನ್ನು ನಂಬಿ ಸಾಂಗೆ, ಕೇಪೆ ಕಡೆಯ ರೈತರು ತಲೆಮಾರಿನಿಂದ ಕಬ್ಬು ನೆಟ್ಟರು. 2019-20ರ ಹಂಗಾಮಿನಿಂದ ಅಲ್ಲಿ ಅರೆಯುವುದು ನಿಂತಿತು. ಕಬ್ಬನ್ನು ತಕ್ಕಡಿಯಲ್ಲಿ ತೂಗಿ ಬೀದಿಯಲ್ಲಿ ಮಾರಲಾಗುವುದಿಲ್ಲ. ನೂರು ಗಿರಾಕಿಗಳಿರುವ ಬೆಳೆ ಬೇರೆ, ಒಬ್ಬನೇ ಗಿರಾಕಿಯಿರುವ ಬೆಳೆ ಬೇರೆ.

ವರ್ಷಕ್ಕೊಮ್ಮೆ ನಾವೇ ಕಾಣುವ ಮಾದರಿ

ಬೆಳೆದವರೇ ಮಾರುವ ಸಂತೆ ಇಲ್ಲಿ ಹೊಸ ಸಂಗತಿಯೇನೂ ಅಲ್ಲ. ಗಣೇಶ ಚೌತಿಯ ಮುಂಚಿನ ಎರಡು ಮೂರು ದಿನ ಗೋವೆಯ ಪೇಟೆಗಳಲ್ಲಿ ಮಾಟೋಳಿಯ ಬಜಾರು ಕೂಡುವುದನ್ನು ನೀವೆಲ್ಲ ಕಂಡಿದ್ದೀರಿ. ಗಣಪತಿಯ ಮೇಲ್ಗಡೆ ಮರದ ಚೌಕಟ್ಟಿಗೆ ಕಟ್ಟುವ ಅಡಿಕೆ ಗೊನೆ, ತೆಂಗು, ಬಾಳೆ, ಸೌತೆ, ಹೀರೆ, ಕಾಡಿನ ಹಣ್ಣು ಕಾಯಿ, ಬಳ್ಳಿ ಬೇರು ಎಲ್ಲವನ್ನೂ ಬೆಳೆದವರೇ, ಕಾಡಿನಿಂದ ಆರಿಸಿ ತಂದವರೇ ನೆಲದ ಮೇಲೆ ಹರಡಿಕೊಂಡು ಕೂರುತ್ತಾರೆ. ಕುಳಾಗರದ ಯಜಮಾನನ ಪಕ್ಕದಲ್ಲಿ ವೇಳಿಪ, ಗಾವಡೆ, ಕುಣಬಿ ಸಮಾಜದ ತಾಯಂದಿರು ಬುಟ್ಟಿ ಇಟ್ಟುಕೊಂಡಿರುತ್ತಾರೆ. ಕೊಳ್ಳುವವನು ಇದು ಯಾವ ಊರಿನದು, ಇದರ ಹೆಸರೇನು, ಎಲ್ಲಿ ಸಿಕ್ಕಿತು ಎಂದು ಕೇಳುತ್ತಾನೆ, ಮಾರುವವಳು ಹೇಳುತ್ತಾಳೆ. ಅಲ್ಲಿ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಊರಿನ ಹೆಸರೇ ಪ್ರಮಾಣಪತ್ರ.

ಹಾಗೆಯೇ ಮಳೆಗಾಲದ ಮುಂಚೆ ಬೇಳೆಕಾಳು, ಒಣ ಮೀನು, ಮೆಣಸು, ಹುಣಿಸೆಗಳನ್ನು ಕೂಡಿಡುವ ಪುರುಮೆಂತಿನ ಸಂತೆಯೂ ಇಲ್ಲಿಯ ಹಳೆಯ ರೂಢಿ. ಅಲ್ಲಿಯೂ ಕಾಣಕೋಣದ ಖೋಲಾ ಮೆಣಸಿನಕಾಯಿಯನ್ನು ಜನ ಹೆಸರು ಹಿಡಿದು ಕೇಳುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಮಳೆಯ ನೀರಿನಲ್ಲೇ ಬೆಳೆಯುವ ಆ ಮೆಣಸಿನಕಾಯಿಗೆ 2019ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯೂ ದೊರೆಯಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಅದು ಮೊದಲೇ ದೊರೆತಿತ್ತು. ಊರಿನ ಹೆಸರಿಗೆ ಬೆಲೆಯುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಕೊರತೆ ಎಲ್ಲಿದೆ? ಮಾಟೋಳಿ ಬಜಾರು ವರ್ಷಕ್ಕೊಮ್ಮೆ. ಪುರುಮೆಂತೂ ವರ್ಷಕ್ಕೊಮ್ಮೆ. ಹೊಟ್ಟೆ ದಿನಕ್ಕೆ ಎರಡು ಸಲ ಕೇಳುತ್ತದೆ. ಮೇಳ ಬೇರೆ, ಸಂತೆ ಬೇರೆ. ಮೇಳದಲ್ಲಿ ಹೆಸರು ಹಬ್ಬುತ್ತದೆ. ಸಂತೆಯಲ್ಲಿ ಮನೆ ನಡೆಯುತ್ತದೆ. ಜೋಯಿಡಾದಲ್ಲಿ ಕುಣಬಿ ರೈತರು ನಡೆಸುತ್ತ ಬಂದಿರುವ ಗೆಡ್ಡೆ ಗೆಣಸಿನ ಮೇಳವನ್ನೂ, ಶಿರಸಿಯಲ್ಲಿ 2001ರಿಂದ ಬೀಜ ಕಾಯ್ದು ಹಂಚುವ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ನಡೆಸಿದ ಮಲೆನಾಡ ಮೇಳವನ್ನೂ ನಾವು ಹೊಗಳುತ್ತೇವೆ. ಮರೆತುಹೋದ ಗೆಡ್ಡೆಗಳಿಗೆ, ಬೀಜಗಳಿಗೆ ಅವು ಮತ್ತೆ ಮಾನ ತಂದವು. ಆದರೆ ಮೇಳದಲ್ಲಿ ಹುಟ್ಟಿದ ನಂಟನ್ನು ವಾರವಾರ ಉಳಿಸಿಕೊಳ್ಳುವ ಕಟ್ಟೆಯೊಂದು ಬೇಕಲ್ಲ!

ಬೇರೆ ಕಡೆ ಹೇಗೆ ನಡೆಸಿದರು

ಬೆಳೆದವರ ಸಂತೆಯನ್ನು ಕಟ್ಟಿದ ಪ್ರಯತ್ನಗಳು ನಮ್ಮ ದೇಶದಲ್ಲಿ ಹಲವು. ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’ ಎಂಬ ಹೆಸರಿನಿಂದ ಆರಂಭವಾಯಿತು. ಆಂಧ್ರದಲ್ಲಿ 1999ರ ಜನವರಿ 26ರಂದು ‘ರೈತು ಬಜಾರ್’ ತೆರೆಯಿತು. ಅದೇ ವರ್ಷ ನವೆಂಬರ್ 14ರಂದು ಮದುರೆಯಲ್ಲಿ ‘ಉಳವರ್ ಸಂದೈ’ ಆರಂಭವಾಯಿತು. ಕೊನೆಯದರ ಕಟ್ಟಳೆಗಳನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಅಧಿಕಾರಿಗಳು ಹೊಲಕ್ಕೆ ಹೋಗಿ ಬೆಳೆ ನೋಡಿ ಬಂದ ಮೇಲೆಯೇ ರೈತನಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡುತ್ತಾರೆ. ಚೀಟಿ ಇದ್ದವನಿಗೆ ಕಟ್ಟೆ ಪುಕ್ಕಟೆ, ತಕ್ಕಡಿಯೂ ಪುಕ್ಕಟೆ. ಪ್ರತಿ ಬೆಳಗ್ಗೆ ಧಾರಣೆಯನ್ನು ಎಲ್ಲರೂ ಕೂಡಿ ಗೊತ್ತುಮಾಡಿ ಹಲಗೆಯ ಮೇಲೆ ಬರೆಯುತ್ತಾರೆ. ಸಗಟು ದರಕ್ಕಿಂತ ನೂರಕ್ಕೆ ಸುಮಾರು 20 ಹೆಚ್ಚು, ಅಂಗಡಿಯ ಚಿಲ್ಲರೆ ದರಕ್ಕಿಂತ ನೂರಕ್ಕೆ ಸುಮಾರು 15 ಕಡಮೆ ಇರುವಂತೆ ನೋಡಿಕೊಳ್ಳುವುದು ಅಲ್ಲಿಯ ಕ್ರಮ. ಹೀಗೆ ಇಬ್ಬರಿಗೂ ಲಾಭ.

ಆದರೆ ಅದೇ ಉಳವರ್ ಸಂದೈ ಇನ್ನೊಂದು ಪಾಠವನ್ನೂ ಕಲಿಸುತ್ತದೆ. 2001ರಲ್ಲಿ ಅಲ್ಲಿ ಸರಕಾರ ಬದಲಾಯಿತು. ಸಂತೆಗಳ ಮೇಲಿನ ಕಾಳಜಿ ಕಡಮೆಯಾಗಿ ಹಲವು ಸೊರಗಿದವು. 2006ರಲ್ಲಿ ಹಿಂದಿನವರೇ ಮರಳಿ ಬಂದ ಮೇಲೆ ಮತ್ತೆ ಜೀವ ಬಂತು. ಸರಕಾರದ ಕೃಪೆಯೊಂದರ ಮೇಲೆಯೇ ನಿಂತ ಸಂತೆ ಸರಕಾರದೊಡನೆಯೇ ಏಳುತ್ತದೆ, ಬೀಳುತ್ತದೆ. ಇನ್ನೊಂದು ದೂರು ಎಲ್ಲ ರಾಜ್ಯಗಳಲ್ಲೂ ಕೇಳಿಬಂದಿದೆ: ರೈತರ ಕಟ್ಟೆಗೆ ಮೆಲ್ಲನೆ ವ್ಯಾಪಾರಿ ಬಂದು ಕೂರುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇದನ್ನು ತಡೆಯುವುದು ಹೇಗೆ? ಅಮೇರಿಕೆಯ ನ್ಯೂಯಾರ್ಕ್ ನಗರದಲ್ಲಿ 1976ರಲ್ಲಿ ಆರಂಭವಾದ ‘ಗ್ರೀನ್‌ಮಾರ್ಕೆಟ್’ ಎಂಬ ರೈತರ ಸಂತೆಗಳಲ್ಲಿ ಒಂದೇ ಕಟ್ಟುನಿಟ್ಟಿನ ಕಟ್ಟಳೆ: ತಾನು ಬೆಳೆದದ್ದನ್ನು ಮಾತ್ರ ಮಾರಬೇಕು. ಪರೀಕ್ಷಕರು ಹೊಲಕ್ಕೇ ಹೋಗಿ, ಇಷ್ಟು ನೆಲದಲ್ಲಿ ಇಷ್ಟು ಹುಟ್ಟುವಳಿ ಬರುವುದು ಸಾಧ್ಯವೇ ಎಂದು ನೋಡುತ್ತಾರೆ. ಎರಡು ಗುಂಟೆ ಬೆಂಡೆ ಹಾಕಿದವನು ವಾರಕ್ಕೆ ಎರಡು ಕ್ವಿಂಟಲ್ ಬೆಂಡೆ ತಂದರೆ ಅದು ಎಲ್ಲಿಂದ ಬಂತೆಂದು ಯಾವ ರೈತನಾದರೂ ಹೇಳಿಯಾನು. ಇದಕ್ಕೆ ಪ್ರಯೋಗಶಾಲೆ ಬೇಡ. ಒಕ್ಕಲುತನ ಬಲ್ಲ ಎರಡು ಕಣ್ಣು ಸಾಕು.

ನಮ್ಮ ನಾಡಿನಲ್ಲೂ ಮೇಲ್ಪಂಕ್ತಿಯುಂಟು. ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಕಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಕರ್ನಾಟಕ ಸರಕಾರ 2004ರಲ್ಲಿ ಸಾವಯವ ಕೃಷಿಗೆಂದೇ ಒಂದು ನೀತಿಯನ್ನು ಹೊರಡಿಸಿತು. ಮಂಗಳೂರಿನಲ್ಲಿ ‘ಸಾವಯವ ಕೃಷಿಕ ಗ್ರಾಹಕ ಬಳಗ’ ಪಂಜೆ ಮಂಗೇಶರಾವ್ ರಸ್ತೆಯಲ್ಲಿ ಭಾನುವಾರ ಬೆಳಗಿನ ಸಂತೆ ನಡೆಸಿತು. ಆ ಬಳಗದ ಹೆಸರನ್ನು ಗಮನಿಸಬೇಕು: ಅದರಲ್ಲಿ ಕೃಷಿಕನೂ ಇದ್ದಾನೆ, ಗ್ರಾಹಕನೂ ಇದ್ದಾನೆ. ಕೊಳ್ಳುವವನು ಹೊರಗಿನವನಲ್ಲ, ಬಳಗದವನು. ಸರಕಾರದ ಕೃಪೆಯಿಲ್ಲದೆಯೂ ಸಂತೆ ನಿಲ್ಲುವುದು ಅಂಥ ಕೊಳ್ಳುವವರ ಬಲದಿಂದ.

ಪ್ರಮಾಣಪತ್ರದ ತೊಡಕು

ಸಾವಯವ ಎಂದು ಬಾಯಲ್ಲಿ ಹೇಳಿದರೆ ಸಾಕೇ, ಕಾಗದ ಬೇಡವೇ ಎಂದು ಹಲವರು ಕೇಳುತ್ತಾರೆ. ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಅವಶ್ಯ. ಕಾಗದದ ದಾರಿ ಎರಡು. ಮೊದಲನೆಯದು 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ್ದು. ಅದರಲ್ಲಿ ಹೊರಗಿನ ಸಂಸ್ಥೆಯೊಂದು ಬಂದು ಪರೀಕ್ಷಿಸಿ ಪತ್ರ ಕೊಡುತ್ತದೆ, ಅದಕ್ಕೆ ವೆಚ್ಚವುಂಟು. ಹೊರದೇಶಕ್ಕೆ ಮಾಲು ಕಳಿಸುವವರಿಗೆ ಅದು ಬೇಕು. ಎರಡನೆಯದು ಸಹಭಾಗಿತ್ವದ ಖಾತರಿ ಪದ್ಧತಿ. ಒಂದೇ ಊರಿನ ಅಥವಾ ಹತ್ತಿರದ ಊರುಗಳ ಕನಿಷ್ಠ 5 ಮಂದಿ ರೈತರು ಗುಂಪು ಕಟ್ಟಿ, ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನು ಒಬ್ಬರು ನೋಡಿ, ತಪ್ಪಿದ್ದರೆ ಬರೆದು, ತಾವೇ ಹೊಣೆ ಹೊರುವುದು. 2015-16ರಲ್ಲಿ ಆರಂಭವಾದ ಪರಂಪರಾಗತ ಕೃಷಿ ವಿಕಾಸ ಯೋಜನೆಯೂ ಈ ಪದ್ಧತಿಯ ಮೇಲೆಯೇ ನಡೆಯುತ್ತದೆ. ಇದೇ ಪದ್ಧತಿಯನ್ನು ನಡೆಸುವ ಸ್ವಯಂಸೇವಾ ಸಂಸ್ಥೆಗಳ ಪರಿಷತ್ತು 2011ರಲ್ಲಿ ನೋಂದಣಿಯಾದದ್ದು ನಮ್ಮ ಗೋವೆಯಲ್ಲಿಯೇ.

ಮೂರನೆಯ ಮಾತನ್ನು ನಮ್ಮ ಸಣ್ಣ ರೈತರು ಚೆನ್ನಾಗಿ ನೆನಪಿಡಬೇಕು. ಸಾವಯವ ಆಹಾರದ ಬಗ್ಗೆ 2017ರಲ್ಲಿ ಆದ ಕೇಂದ್ರದ ನಿಯಮಗಳಲ್ಲಿ ಸಣ್ಣವನಿಗೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ರೈತ ತನ್ನ ಮಾಲನ್ನು ತಾನೇ ತಿನ್ನುವವನ ಕೈಗೆ ಮಾರಿದರೆ ಪ್ರಮಾಣಪತ್ರದ ಕಡ್ಡಾಯವಿಲ್ಲ. ಸರಕಾರದ ಸಾವಯವ ಮುದ್ರೆಯನ್ನು ಮಾತ್ರ ಹಾಕಿಕೊಳ್ಳುವಂತಿಲ್ಲ. ಅಂದರೆ ದಲಾಲನ ಮೂಲಕ ಹೋದರೆ ಕಾಗದ ಬೇಕು, ಎದುರುಬದುರು ಕುಳಿತು ಮಾರಿದರೆ ಮಾತು ಸಾಕು. ಬೆಳೆದವರ ಸಂತೆ ಸಾವಯವ ರೈತನಿಗೆ ಏಕೆ ಬೇಕೆಂಬುದಕ್ಕೆ ಈ ಒಂದು ಕಾರಣವೇ ಸಾಲದೇ?

ಇನ್ನೂ ಒಂದು ಕಾರಣವಿದೆ. ಅಂಗಡಿ ಗೊಬ್ಬರದ ನೆಲ ಸಾವಯವ ಎನಿಸಿಕೊಳ್ಳಲು, ಮೊದಲು ಹೇಳಿದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ, ವಾರ್ಷಿಕ ಬೆಳೆಗೆ ಬಿತ್ತುವ ಮುಂಚೆ ಕನಿಷ್ಠ 2 ವರ್ಷ, ಅಡಿಕೆ ತೆಂಗಿನಂಥ ಬಹುಕಾಲದ ಬೆಳೆಗೆ ಕೊಯ್ಲಿನ ಮುಂಚೆ ಕನಿಷ್ಠ 3 ವರ್ಷ ಕಳೆಯಬೇಕು. ಈ ನಡುಗಾಲದಲ್ಲಿ ಹುಟ್ಟುವಳಿ ಇಳಿಯುವುದು ಸಾಮಾನ್ಯ. ಆದರೆ ಸಾವಯವದ ಬೆಲೆ ಸಿಕ್ಕುವುದಿಲ್ಲ. ಎಷ್ಟೋ ರೈತರು ಕೈಬಿಡುವುದು ಈ ನಡುಗಾಲದಲ್ಲಿಯೇ. ಗುರುತಿನ ಗಿರಾಕಿಗೆ, ‘ತಾಯಿ, ಇದು ಎರಡನೆಯ ವರ್ಷ; ಔಷಧ ಬಿಟ್ಟಿದ್ದೇವೆ, ಮಣ್ಣು ಇನ್ನೂ ತಯಾರಾಗುತ್ತಿದೆ’ ಎಂದು ನಿಜ ಹೇಳಿ ಮಾರಬಹುದಾದ ಸ್ಥಳ ಸಂತೆಯ ಕಟ್ಟೆಯೊಂದೇ.

ಲೆಕ್ಕ ಮಾಡಿ ನೋಡೋಣ

ಬರೀ ಮಾತು ಬೇಡ, ಶಾಲೆಯ ಮಕ್ಕಳಂತೆ ಒಂದು ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ನಿಮ್ಮ ಊರಿನ ಧಾರಣೆ ಹಾಕಿ ನೀವೇ ತಿದ್ದಿಕೊಳ್ಳಿರಿ. ರೈತನೊಬ್ಬ 20 ಕಿಲೋ ಬದನೆ ತಂದನೆಂದು ಇಟ್ಟುಕೊಳ್ಳಿ. ದಲಾಲ ಕಿಲೋಗೆ 20 ರೂಪಾಯಿ ಕಟ್ಟಿದ. ಅದೇ ಬದನೆ ಗಿರಾಕಿಯ ಚೀಲ ಸೇರುವಾಗ 40 ಆಯಿತು. ರೈತನಿಗೆ 400, ಗಿರಾಕಿ ತೆತ್ತದ್ದು 800. ರೈತ ತಾನೇ ಕುಳಿತು 34ಕ್ಕೆ ಮಾರಿ, 2 ಕಿಲೋ ಉಳಿದುಹೋದರೂ 612 ರೂಪಾಯಿ ಬಂತು. ಬಾಡಿಗೆ, ಕಟ್ಟೆಯ ಚಂದಾ ಸೇರಿ 60 ಕಳೆದರೆ 552. ದಲಾಲನ ಕಟ್ಟೆಗಿಂತ 152 ಹೆಚ್ಚು. ಆದರೆ ಅರ್ಧ ದಿನ ಸಂತೆಯಲ್ಲಿ ಕುಳಿತ ಕೂಲಿಯನ್ನು ಹಿಡಿದರೆ ಈ 152 ಕರಗಿಹೋಗುತ್ತದೆ. ಇದನ್ನು ಮುಚ್ಚಿಡಬಾರದು. ಒಬ್ಬನೇ ಒಂದು ಬುಟ್ಟಿ ಹೊತ್ತು ತಂದರೆ ಸಂತೆ ಲಾಭದ್ದಲ್ಲ.

ಈಗ ನಾಲ್ಕು ಮನೆಯವರು ಕೂಡಿ 80 ಕಿಲೋ ಕಳಿಸಿ, ಒಬ್ಬರನ್ನೇ ಕೂರಿಸಿದರೆಂದು ಇಟ್ಟುಕೊಳ್ಳಿ. 8 ಕಿಲೋ ಉಳಿದರೂ 72 ಕಿಲೋಗೆ 2448 ರೂಪಾಯಿ. ಬಾಡಿಗೆ, ಚಂದಾ 150, ಕುಳಿತವರ ಕೂಲಿ 300 ಕಳೆದರೆ 1998. ದಲಾಲ ಕೊಡುತ್ತಿದ್ದುದು 1600. ಮನೆಗೆ ಸುಮಾರು 100 ರೂಪಾಯಿ ಹೆಚ್ಚು ಬಂತು. ಮೂರು ಮನೆಯವರ ಹೊಲದ ಕೆಲಸವೂ ಕೆಡಲಿಲ್ಲ. ಗಿರಾಕಿಗೆ ಕಿಲೋಗೆ 6 ರೂಪಾಯಿ ಉಳಿಯಿತು. ಇದರಿಂದ ತಿಳಿಯುವ ಮುಖ್ಯ ಸಂಗತಿ ಏನೆಂದರೆ, ಸಾವಯವ ರೈತನಿಗೆ ಸಲ್ಲಬೇಕಾದ ಹೆಚ್ಚಿನ ಬೆಲೆಯನ್ನು ಬಡ ಗಿರಾಕಿಯ ಗಂಟಿನಿಂದ ಕೀಳಬೇಕಾಗಿಲ್ಲ. ಅದು ನಡುವಿನ ದಾರಿಯಲ್ಲಿಯೇ ಬಿದ್ದಿದೆ. ಸಾವಯವ ಎಂದರೆ ಸಿರಿವಂತರ ಊಟ ಎಂಬ ಮಾತು ಈ ಬಗೆಯ ಸಂತೆಯಲ್ಲಿ ಸುಳ್ಳಾಗಬೇಕು.

ನಮ್ಮಲ್ಲಿ ಆಗಬೇಕಾದದ್ದು

ಕುಡಚಡೆಯ ಪೇಟೆಯಲ್ಲಿ ವಾರಕ್ಕೊಂದು ದಿನ ಬೆಳಗಿನ ನಾಲ್ಕು ತಾಸು, ಬೆಳೆದವರಿಗಾಗಿಯೇ ಒಂದು ಕಟ್ಟೆಯ ಸಾಲು ಮೀಸಲಾಗಬೇಕು. ಇದನ್ನು ನಗರಪಾಲಿಕೆಯ ಮುಂದೆ ಬರಹದಲ್ಲಿ ಕೇಳಬೇಕು. ಕಟ್ಟಡ ಬೇಕೆಂದು ಕೇಳುವುದು ಬೇಡ. ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಇಷ್ಟು ಸಾಕು. ಉಳಿದುದು ನಮ್ಮ ಕೈಯಲ್ಲಿದೆ.

ಕಟ್ಟಳೆಗಳು ನಾಲ್ಕೈದೇ ಇರಲಿ, ಆದರೆ ಮುರಿಯದಿರಲಿ. ತಾನು ಅಥವಾ ತನ್ನ ಗುಂಪಿನ ಮನೆಯವರು ಬೆಳೆದದ್ದನ್ನು ಮಾತ್ರ ತರಬೇಕು; ನೆರೆಯವನ ಬುಟ್ಟಿಗೆ ನೆರೆಯವನ ಹೆಸರಿನ ಚೀಟಿ ಇರಬೇಕು. ಸರಕಾರದ ಮುದ್ರೆಯಿರುವ ತೂಕವನ್ನೇ ಬಳಸಬೇಕು. ಧಾರಣೆಯನ್ನು ಬೆಳಗ್ಗೆಯೇ ಹಲಗೆಯ ಮೇಲೆ ಬರೆಯಬೇಕು. ಔಷಧ ಬಿಟ್ಟು ಎಷ್ಟು ಕಾಲವಾಯಿತೆಂಬುದನ್ನೂ ಬರೆಯಬೇಕು. ಬಿಡದವನು ಬಿಟ್ಟಿಲ್ಲವೆಂದೇ ಬರೆಯಲಿ, ಅವನಿಗೂ ಸ್ಥಳವಿರಲಿ, ಆದರೆ ಸಾಲು ಬೇರೆ. ತಿಂಗಳಿಗೊಮ್ಮೆ ಇಬ್ಬರು ರೈತರೂ ಇಬ್ಬರು ಗಿರಾಕಿಗಳೂ ಕೂಡಿ, ಮುಂಚೆ ತಿಳಿಸದೆ, ಯಾವುದಾದರೂ ಒಂದು ಹೊಲಕ್ಕೆ ಹೋಗಿ ನೋಡಿಬರಲಿ. ಸುಳ್ಳು ಸಿಕ್ಕಿದರೆ ಮೊದಲ ಸಲ ಒಂದು ತಿಂಗಳು, ಎರಡನೆಯ ಸಲ ಒಂದು ವರ್ಷ ಕಟ್ಟೆ ಇಲ್ಲ. ಇಷ್ಟನ್ನು ನಡೆಸುವ ಸಮಿತಿಯಲ್ಲಿ ನಮ್ಮವರಷ್ಟೇ ಇರಕೂಡದು. ಈ ನೆಲದಲ್ಲಿ ಹಿಂದಿನಿಂದ ಬೆಳೆಯುತ್ತ ಬಂದ ಕುಣಬಿ, ವೇಳಿಪ, ಗಾವಡೆ ಬಂಧುಗಳು ಮುಂದಿರಬೇಕು. ಗೆಡ್ಡೆ, ಸೊಪ್ಪು, ಕಾಡುಕಾಯಿಗಳ ಜ್ಞಾನ ಅವರಲ್ಲಿದೆ. ಬಯಲುಸೀಮೆಯ ಕಾಯಿಪಲ್ಲೆಯ ಕೈ ನಮ್ಮಲ್ಲಿದೆ. ಹಲಗೆಯ ಮೇಲೆ ಕೊಂಕಣಿ, ಮರಾಠಿ, ಕನ್ನಡ ಮೂರೂ ಇರಲಿ. ಅನ್ಯೋನ್ಯವಾಗಿ ಬಾಳುವುದಕ್ಕೆ ಸಂತೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ನಮ್ಮವರಿಗೇ ಎರಡು ಕಹಿ ಮಾತು

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇವೆ. ಈ ಕಟ್ಟಳೆ ಮೊದಲು ತಾಗುವುದು ನಮ್ಮವರಿಗೇ. ಬೆಳಗಾವಿಯ ಮಾಲು ತಂದು ಮಾರುವ ಅಣ್ಣಂದಿರು, ಅಕ್ಕಂದಿರು ನಮ್ಮ ಭಾಷೆಯವರೇ, ನಮ್ಮ ಶಾಲೆಗೆ ಮಕ್ಕಳನ್ನು ಕಳಿಸುವವರೇ. ‘ಗುರುಗಳೇ, ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತೀರಾ?’ ಎಂದು ಅವರು ಕೇಳಿದರೆ ಉತ್ತರ ಕೊಡಲೇಬೇಕು. ಅವರ ವ್ಯಾಪಾರ ಹೀನವಾದದ್ದೇನೂ ಅಲ್ಲ. ನಸುಕಿನಲ್ಲಿ ಎದ್ದು ಚೀಲ ಹೊರುವವರು ಅವರು. ಗೋವೆಗೆ ಬೇಕಾದಷ್ಟನ್ನು ನಾಲ್ಕು ಗದ್ದೆಯವರು ಬೆಳೆಯಲಾರರು. ಅವರ ಕಟ್ಟೆ ಇದ್ದೇ ಇರುತ್ತದೆ, ವಾರದ ಏಳೂ ದಿನ. ನಾವು ಕೇಳುವುದು ಒಂದು ಸಾಲು, ನಾಲ್ಕು ತಾಸು. ಆದರೆ ಆ ಸಾಲಿನಲ್ಲಿ ನಮ್ಮವನೆಂದು ಒಬ್ಬನನ್ನು ಬಿಟ್ಟುಕೊಂಡರೆ ನಾಳೆ ಹತ್ತು ಜನ ಬರುತ್ತಾರೆ. ನಾಡಿದ್ದು ಗಿರಾಕಿ ಬರುವುದಿಲ್ಲ. ಆಗ ಕೆಡುವುದು ಇಬ್ಬರ ಹೆಸರೂ. ಮಾರುವ ಅಣ್ಣನಿಗೂ ದಾರಿಯುಂಟು: ಅವನ ಮನೆಯವರು ಹತ್ತು ಗುಂಟೆ ಲಾವಣಿಗೆ ಹಿಡಿದು ಬೆಳೆಯಲಿ, ಆ ಬುಟ್ಟಿಯೊಡನೆ ಬರಲಿ. ಗಿರಾಕಿಯೊಡನೆ ಮಾತಾಡುವ ಕಲೆ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಎರಡನೆಯದು ಲಾವಣಿಯ ಸಂಕಟ. ನಮ್ಮಲ್ಲಿ ಹೆಚ್ಚಿನವರದು ಬಾಯಿಮಾತಿನ ಲಾವಣಿ, ಅದೂ ಒಂದೊಂದೇ ಹಂಗಾಮಿನದು. 1964ರ ಗೇಣಿ ಕಾಯಿದೆ ಮತ್ತು ಅದರ ತಿದ್ದುಪಡಿಗಳು ಉಳುವವನಿಗೆ ಹಕ್ಕು ಕೊಟ್ಟವು; ಅದು ನ್ಯಾಯವೇ. ಆದರೆ ಕಾಗದ ಮಾಡಿದರೆ ನೆಲ ಕೈಬಿಟ್ಟೀತೆಂದು ಇಂದಿನ ನೆಲದೊಡೆಯರು ಅಂಜುತ್ತಾರೆ. ಕಾಗದವಿಲ್ಲದವನಿಗೆ ಸರಕಾರದ ಯೋಜನೆ ದೂರ. ಅದಕ್ಕಿಂತ ಕೆಟ್ಟದ್ದೆಂದರೆ, ಎರಡು ವರ್ಷ ಗೊಬ್ಬರ ಹಾಕಿ ಮಣ್ಣನ್ನು ಹದಕ್ಕೆ ತಂದ ಮೇಲೆ ನೆಲ ಬಿಡು ಎನ್ನಿಸಿಕೊಳ್ಳಬೇಕಾಗುತ್ತದೆ. ಒಂದೇ ಹಂಗಾಮಿನ ಒಕ್ಕಲಿಗ ಯೂರಿಯಾ ಹಾಕದೆ ಏನು ಮಾಡಿಯಾನು? ಅವನನ್ನು ಬೈದು ಪ್ರಯೋಜನವಿಲ್ಲ. ಆದ್ದರಿಂದ ಸಂತೆಯ ಸಮಿತಿ ಬರೀ ಕಟ್ಟೆ ಹಂಚಿ ಸುಮ್ಮನಿರದೆ, ನೆಲದೊಡೆಯನನ್ನೂ ಕರೆಸಿ, ಹಿರಿಯರ ಎದುರಿಗೆ ಕನಿಷ್ಠ ಮೂರು ವರ್ಷದ ಮಾತು ಕೊಡಿಸುವ ಕೆಲಸವನ್ನೂ ಮಾಡಬೇಕು. ಪಾಳು ಬಿದ್ದ ಗದ್ದೆ ಹಸಿರಾಗುವುದು ಒಡೆಯನಿಗೂ ಮಾನವೇ. ಮೂರು ವರ್ಷದ ನೆಲೆಯಿಲ್ಲದೆ ಸಾವಯವದ ಉಪದೇಶ ಮಾಡುವುದು ಹಸಿದವನ ಮುಂದೆ ಪಥ್ಯ ಹೇಳಿದಂತೆ.

ಮೋಸದ ಸಂಶಯವನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇವೆ. ಔಷಧ ಹೊಡೆದು ಹೊಡೆದಿಲ್ಲವೆನ್ನುವವರು ಇರುವುದಿಲ್ಲವೇ? ಇರುತ್ತಾರೆ. ಆದರೆ ದೂರದ ಪತ್ರಕ್ಕಿಂತ ಹತ್ತಿರದ ನೆರೆಯವನ ಕಣ್ಣು ಹರಿತ. ಯಾರ ಹೊಲದಲ್ಲಿ ಯಾವ ದಿನ ಪಂಪು ಸದ್ದು ಮಾಡಿತೆಂಬುದು ಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಒಬ್ಬನ ಸುಳ್ಳಿನಿಂದ ಐವರ ಗುಂಪೇ ಕಟ್ಟೆ ಕಳೆದುಕೊಳ್ಳುವಂತಿದ್ದರೆ ಉಳಿದ ನಾಲ್ವರೇ ಅವನನ್ನು ತಿದ್ದುತ್ತಾರೆ.

ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದರೆಂಬ ಗಾದೆ ನಮಗೆ ಅನ್ವಯಿಸಬಾರದು. ಇಲ್ಲಿ ಕಾಯಿಪಲ್ಲೆಯ ಹಂಗಾಮು ಭತ್ತ ಕೊಯ್ದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಅದಕ್ಕಿಂತ ಮುಂಚೆಯೇ ಊರೂರಿನಲ್ಲಿ ಐದೈದು ಮನೆಯವರು ಕುಳಿತು ಯಾರು ಏನು ಹಾಕಬೇಕೆಂದು ಗೊತ್ತುಮಾಡಿಕೊಳ್ಳಲಿ. ಎಲ್ಲರೂ ಮೂಲಂಗಿಯನ್ನೇ ಹಾಕಿದರೆ ಸಂತೆಯೂ ಮೂಲಂಗಿಯದೇ ಆದೀತು. ಒಬ್ಬರು ಹರಿವೆ, ಒಬ್ಬರು ಬದನೆ, ಒಬ್ಬರು ಅಲಸಂದೆ, ಒಬ್ಬರು ಮೆಣಸಿನಕಾಯಿ, ಒಬ್ಬರು ಗೆಣಸು ಎಂದು ಹಂಚಿಕೊಂಡು, ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಶಿವರಾತ್ರಿಯವರೆಗೆ ಬುಟ್ಟಿ ಬರಿದಾಗದು. ಹೆಸರು ಬರೆಯಲು, ಅರ್ಜಿ ಬರೆಯಲು, ಲೆಕ್ಕ ಇಡಲು ಓದಿದವರ ಕೈ ಬೇಕಾದರೆ ಊರಿನ ಶಾಲೆಯ ಮಾಸ್ತರನನ್ನು ಕೇಳಿರಿ. ಯಾವ ಮಾಸ್ತರನೂ ಇಲ್ಲವೆನ್ನಲಾರ. ಮೊದಲ ವಾರ ಹತ್ತು ಬುಟ್ಟಿ ಬಂದರೂ ಸಾಕು. ಎರಡನೆಯ ವಾರ ಅದೇ ಹತ್ತು ಬುಟ್ಟಿ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಬರಬೇಕು. ಗಿರಾಕಿ ನೋಡುವುದು ಅದನ್ನೇ.